ಘಟ್ಟ ಹತ್ತಿದ ಕಾಯಿಲೆ, ಘಟ್ಟ ಹತ್ತದ ತಿಳಿವಳಿಕೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಮಣ್ಣು, ಕೆಸರಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ಕಾಯಿಲೆಯನ್ನು ಕರಾವಳಿಯ ಆಚೆಯೂ ಹುಡುಕಬೇಕೆಂಬ ಮನವಿ

ಮಾನ್ಯರೇ,

ನಾನು ಕುಂದಾಪುರ ಕಡೆಯವಳು. ಮದುವೆಯಾಗಿ ಬಯಲುಸೀಮೆಗೆ ಬಂದು 19 ವರ್ಷ ಆಯಿತು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಕಳೆದ ವರ್ಷ ನನ್ನ ಅಪ್ಪಯ್ಯನಿಗೆ ಬಂದ ಕಾಯಿಲೆಯ ಹೆಸರು ಗೊತ್ತಾಗಲು 41 ದಿನ ಬೇಕಾಯಿತು. ಆ 41 ದಿನ ನಾನು ಕಂಡದ್ದನ್ನು ನಿಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ.

ಅಪ್ಪಯ್ಯನಿಗೆ 63 ವರ್ಷ. ಎರಡು ಎಕರೆ ಗದ್ದೆ ಇದೆ. ಹತ್ತು ವರ್ಷದಿಂದ ಶುಗರ್ ಇದೆ. ಮಾತ್ರೆ ತಗೊಳ್ಳುತ್ತಾರೆ, ಆದರೆ ನಟ್ಟಿ ಸಮಯದಲ್ಲಿ ಮರೆಯುವುದೇ ಜಾಸ್ತಿ. ಕಳೆದ ಜುಲೈನಲ್ಲಿ ಮಳೆ ಬಿಡದೆ ಸುರಿಯಿತು. ಆಳು ಸಿಗದೆ ಅಪ್ಪಯ್ಯನೇ ನಾಲ್ಕೈದು ದಿನ ಕೆಸರಿನಲ್ಲಿ ನಿಂತು ನೇಜಿ, ಅಂದರೆ ಭತ್ತದ ಸಸಿ, ನೆಟ್ಟರು. ಅವರ ಹಿಮ್ಮಡಿ ಮಳೆಗಾಲದಲ್ಲಿ ಯಾವಾಗಲೂ ಒಡೆದಿರುತ್ತದೆ. ಬೆರಳು ತೂರುವಷ್ಟು ಬಿರುಕು. ನಮಗೆ ಅದು ಚಿಕ್ಕಂದಿನಿಂದ ನೋಡಿದ ಕಾಲು, ಯಾರೂ ಅದನ್ನು ಗಾಯ ಅಂತ ಲೆಕ್ಕಕ್ಕೇ ತಗೊಂಡವರಲ್ಲ. ನಟ್ಟಿ ಮುಗಿಸಿ ಮೊಮ್ಮಗಳನ್ನು ನೋಡಲು ಅಂತ ನಮ್ಮನೆಗೆ ಬಂದರು. ಬಂದ ನಾಲ್ಕನೇ ದಿನ ಚಳಿ ಹತ್ತಿತು.

ಮೊದಲ ವಾರ ವೈರಲ್ ಜ್ವರ ಅಂದರು. ಎರಡನೇ ವಾರ ವಿಡಾಲ್ ಪರೀಕ್ಷೆ ಮಾಡಿ ಟೈಫಾಯ್ಡ್ ಅಂದರು. ಅಡ್ಮಿಟ್ ಮಾಡಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟರು. ಜ್ವರ ಎರಡು ದಿನ ಇಳಿಯಿತು, ಮತ್ತೆ ಏರಿತು. ಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಕಲೆ ಕಂಡಿತು. ಕಫದ ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು. ಟಿಬಿ ಕೀಟಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆಯಲ್ಲೂ ಇಲ್ಲ ಅಂತಲೇ ಬಂತು. ಆದರೂ ಟಿಬಿ ಇರಬಹುದು ಅಂತ ಟಿಬಿ ಮಾತ್ರೆ ಶುರು ಮಾಡಿದರು. ಅಪ್ಪಯ್ಯ ಹದಿನೆಂಟು ದಿನ ಆ ಮಾತ್ರೆ ನುಂಗಿದರು. ಮೂತ್ರ ಕೆಂಪಾಯಿತು, ಊಟ ಸೇರದೆ ಹೋಯಿತು, ಒಂಬತ್ತು ಕೆಜಿ ಇಳಿದರು. ಟಿಬಿ ಅಂತ ಹೇಳಿದ ಮೇಲೆ ಅವರೇ ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡರು. ಮೊಮ್ಮಗಳು ಹತ್ತಿರ ಬಂದರೆ ಮುಖ ಆಚೆ ತಿರುಗಿಸುತ್ತಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಐದನೇ ವಾರ ಎಡಪಕ್ಕೆಯಲ್ಲಿ ನೋವು ಬಂತು. ಸ್ಕ್ಯಾನ್ ಮಾಡಿದರೆ ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಸಣ್ಣ ಸಣ್ಣ ಕೀವಿನ ಗಂಟುಗಳು. ಸೂಜಿ ಹಾಕಿ ಕೀವು ತೆಗೆದು ಕಲ್ಚರ್‌ಗೆ, ಅಂದರೆ ಕೀಟಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರು. ಮೂರು ದಿನದ ಮೇಲೆ ಬಂದ ರಿಪೋರ್ಟ್‌ನಲ್ಲಿ 'ಸ್ಯೂಡೋಮೊನಾಸ್ ಜಾತಿ' ಅಂತ ಇತ್ತು. ಇದು ಸ್ಯಾಂಪಲ್‌ಗೆ ಹೊರಗಿನಿಂದ ಸೇರಿಕೊಂಡ ಕೀಟಾಣು ಇರಬಹುದು, ಇದನ್ನೇ ನಂಬುವ ಹಾಗಿಲ್ಲ, ಟಿಬಿ ಮಾತ್ರೆ ಮುಂದುವರಿಸೋಣ ಅಂದರು.

ಅವತ್ತು ರಾತ್ರಿ ನನ್ನ ಸೋದರಮಾವನ ಮಗಳಿಗೆ ಫೋನ್ ಮಾಡಿದೆ. ಅವಳು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಅತ್ತುಕೊಂಡು ಹೇಳಿದ್ದೆಲ್ಲ ಕೇಳಿ ಅವಳು ಎರಡೇ ಪ್ರಶ್ನೆ ಕೇಳಿದಳು. "ಅಕ್ಕಾ, ಮಾವಂಗೆ ಶುಗರ್ ಇತ್ತಲ್ದಾ? ಈ ಸಲ ಗದ್ದಿಗೆ ಇಳ್ದಿದ್ರಾ?" ಹೌದು ಅಂದೆ. "ನಾಳೆಯೇ ಕರ್ಕಂಡು ಬಾ" ಅಂದಳು.

ಬೆಳಿಗ್ಗೆ ಆಂಬ್ಯುಲೆನ್ಸ್ ಮಾಡಿಕೊಂಡು ಬಾಳೆಬರೆ ಘಾಟಿ ಇಳಿದೆವು. ಅಲ್ಲಿ ರಕ್ತ, ಕಫ, ಮೂತ್ರ, ಕೀವು ಎಲ್ಲವನ್ನೂ ಕಲ್ಚರ್‌ಗೆ ಹಾಕಿದರು. ಫಲಿತಾಂಶಕ್ಕೆ ಕಾಯದೆ ಸಂಜೆಯೇ ಸೆಫ್ಟಾಜಿಡಿಮ್ ಇಂಜೆಕ್ಷನ್ ಶುರು ಮಾಡಿದರು. ಮೂರನೇ ದಿನ ಹೆಸರು ಸಿಕ್ಕಿತು. ಮೆಲಿಯಾಯ್ಡೋಸಿಸ್. ಬರ್ಖೋಲ್ಡೇರಿಯಾ ಸ್ಯೂಡೋಮಲ್ಲೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಇರುತ್ತದೆ. ಕಾಲಿನ ಬಿರುಕಿನಿಂದ, ಗಾಯದಿಂದ ಒಳಗೆ ಹೋಗುತ್ತದೆ. ಜೋರು ಗಾಳಿಮಳೆಯಲ್ಲಿ ಉಸಿರಿನ ಮೂಲಕವೂ ಹೋಗಬಹುದು, ಶುದ್ಧ ಮಾಡದ ನೀರು ಕುಡಿದರೂ ಬರಬಹುದು. ಒಬ್ಬರಿಂದ ಒಬ್ಬರಿಗೆ ಹರಡುವುದು ತೀರಾ ಅಪರೂಪ. ಅಪ್ಪಯ್ಯನಿಗೆ ಇದನ್ನು ಹೇಳಿದಾಗ ಅವರು ಮೊದಲು ಕೇಳಿದ್ದು, "ಹಾಗಾದ್ರೆ ಮಗು ಹತ್ರ ಬರಬಹುದಾ?"

ಆ ಲ್ಯಾಬಿನ ಡಾಕ್ಟರ್ ನಮ್ಮ ಹಳೇ ರಿಪೋರ್ಟ್ ತೆಗೆಸಿ ನೋಡಿದರು. ಅದರಲ್ಲಿ ಔಷಧಗಳ ಸಾಲು ಇತ್ತು, ಪ್ರತಿಯೊಂದರ ಮುಂದೆ ಕೆಲಸ ಮಾಡಿದರೆ 'ಎಸ್', ಮಾಡದಿದ್ದರೆ 'ಆರ್'. ಅವರು ಪೆನ್ನಿನಿಂದ ಮೂರು ಕಡೆ ಗುರುತು ಹಾಕಿದರು. ಜೆಂಟಾಮೈಸಿನ್ ಮುಂದೆ ಆರ್. ಕೊಲಿಸ್ಟಿನ್ ಮುಂದೆ ಆರ್. ಆಗ್ಮೆಂಟಿನ್ ಮುಂದೆ ಎಸ್. "ಮಾಮೂಲಿ ಸ್ಯೂಡೋಮೊನಾಸ್ ಆಗಿದ್ದರೆ ಸಾಮಾನ್ಯವಾಗಿ ಇದು ಉಲ್ಟಾ ಇರುತ್ತೆ. ಈ ಮೂರು ಅಕ್ಷರ ನೋಡಿದರೆ ಸಾಕಿತ್ತಮ್ಮ" ಅಂದರು. ಅಂದರೆ ಉತ್ತರ ನಮ್ಮ ಕೈಯಲ್ಲೇ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡು ಓಡಾಡುತ್ತಿದ್ದೆವು. ಓದುವವರು ಇರಲಿಲ್ಲ ಅಷ್ಟೇ.

ಅಪ್ಪಯ್ಯ ಬದುಕಿದರು. ನಾಲ್ಕು ವಾರ ಇಂಜೆಕ್ಷನ್, ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಅದು ಹಳೇ ಮಾತ್ರೆ, ಎಲ್ಲಾ ಕಡೆ ಸಿಗುತ್ತದೆ. ಖರ್ಚಿಗೆ ಅಮ್ಮನ ಎರಡು ಬಳೆ ಅಡವಿಗೆ ಹೋದವು, ಅದು ದೊಡ್ಡ ಮಾತಲ್ಲ. ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಬೇರೆ. ನಾನು ಕರಾವಳಿಯವಳಾಗಿರದೆ ಇದ್ದಿದ್ದರೆ? ಆ ರಾತ್ರಿ ಫೋನ್ ಮಾಡಲು ನನಗೆ ಯಾರೂ ಇರದಿದ್ದರೆ?

ಬಯಲುಸೀಮೆಯ ಆ ಆಸ್ಪತ್ರೆಯಲ್ಲಿ ಅಪ್ಪಯ್ಯನ ಪಕ್ಕದ ಹಾಸಿಗೆಯಲ್ಲಿ ಒಬ್ಬರಿದ್ದರು. ಸುಮಾರು 50 ವರ್ಷ. ಪೈಪ್‌ಲೈನ್‌ಗೆ ಗುಂಡಿ ತೋಡುವ ಕೆಲಸ. ಅವರಿಗೂ ಶುಗರ್, ಅವರಿಗೂ ತಿಂಗಳಿಂದ ಜ್ವರ, ಅವರಿಗೂ ಟಿಬಿ ಮಾತ್ರೆ. ಹೆಂಡತಿ ದಿನಾ ಬೆಳಿಗ್ಗೆ ಗಂಜಿ ತರುತ್ತಿದ್ದರು, ನಮಗೂ ಒಂದು ಲೋಟ ಕೊಡುತ್ತಿದ್ದರು. ನಾವು ಹೊರಡುವ ಎರಡು ದಿನ ಮೊದಲು ಆ ಪಕ್ಕದ ಹಾಸಿಗೆಯವರು ತೀರಿಕೊಂಡರು. ಅವರಿಗೆ ಇದೇ ಕಾಯಿಲೆ ಇತ್ತು ಅಂತ ನಾನು ಹೇಳುತ್ತಿಲ್ಲ. ಯಾರೂ ಹುಡುಕಲಿಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

ಮಾನ್ಯರೇ, ಆ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಅವರು ರಾತ್ರಿ ಹಗಲು ದುಡಿದದ್ದನ್ನು ನೋಡಿದ್ದೇನೆ. ಟಿಬಿ ಇಷ್ಟು ಜಾಸ್ತಿ ಇರುವ ದೇಶದಲ್ಲಿ ಕೆಮ್ಮು, ಜ್ವರ, ತೂಕ ಇಳಿದದ್ದು ಕಂಡರೆ ಟಿಬಿ ನೆನಪಾಗುವುದು ಸಹಜ. ಈ ಕಾಯಿಲೆಯೂ ಹಾಗೇ ವೇಷ ಹಾಕುತ್ತದೆ. ಒಬ್ಬರಲ್ಲಿ ನ್ಯುಮೋನಿಯಾ, ಇನ್ನೊಬ್ಬರಲ್ಲಿ ಲಿವರ್‌ನಲ್ಲಿ ಕೀವು, ಮತ್ತೊಬ್ಬರಲ್ಲಿ ಮಂಡಿ ಊತ. ಕೆಲವರಿಗೆ ಎರಡೇ ದಿನದಲ್ಲಿ ರಕ್ತಕ್ಕೆ ನಂಜೇರಿ ಜೀವ ಹೋಗುತ್ತದೆ. ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ನೆ ಕೂತಿದ್ದು ಆಮೇಲೆ ಏಳುತ್ತದೆ. ಹಾಗಾಗಿ ರೋಗಿ ಎಲ್ಲಿ ಮಲಗಿದ್ದಾನೆ ಅನ್ನುವುದನ್ನು ನೋಡಿ ಈ ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸಲು ಆಗುವುದಿಲ್ಲ. ಗದ್ದೆಗೆ ಇಳಿದದ್ದು ಕರಾವಳಿಯಲ್ಲಿ, ಜ್ವರ ಬಂದದ್ದು ಬಯಲುಸೀಮೆಯಲ್ಲಿ. ನಮ್ಮ ರಾಜ್ಯದಲ್ಲಿ ಜನ ಹೀಗೆ ಓಡಾಡುವುದು ದಿನನಿತ್ಯದ ಸಂಗತಿ ಅಲ್ವಾ?

ನನ್ನ ದೂರು ಇರುವುದು ಒಂದು ನಂಬಿಕೆಯ ಮೇಲೆ. 'ಅದು ಮಂಗಳೂರು, ಉಡುಪಿ ಕಡೆಯ ಕಾಯಿಲೆ, ಇಲ್ಲಿ ಬರಲ್ಲ' ಅನ್ನುವ ನಂಬಿಕೆ. ಮಣಿಪಾಲದ ವೈದ್ಯರು ವರ್ಷಗಳಿಂದ ಈ ಕಾಯಿಲೆಯನ್ನು ಗುರುತಿಸುತ್ತಾ, ಬರೆಯುತ್ತಾ ಬಂದಿದ್ದಾರೆ. ಅದರಿಂದಲೇ ಕರಾವಳಿಯಲ್ಲಿ ಒಬ್ಬ ನರ್ಸ್‌ಗೂ ಆ ಎರಡು ಪ್ರಶ್ನೆ ಬಾಯಿಗೆ ಬರುತ್ತದೆ. ಆದರೆ ಆ ತಿಳಿವಳಿಕೆ ಘಟ್ಟ ಹತ್ತಿಲ್ಲ.

ಮಂಗನ ಕಾಯಿಲೆಯಲ್ಲಿ ನಾವು ಇದೇ ತಪ್ಪು ಮಾಡಿದ್ದೆವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಅದು ಕಂಡಿತು. ಬಹಳ ಕಾಲ ಅದನ್ನು ನಾಲ್ಕಾರು ತಾಲೂಕಿನ ಕಾಯಿಲೆ ಅಂದುಕೊಂಡೆವು. ಆಮೇಲೆ ಚಾಮರಾಜನಗರದ ಬಂಡೀಪುರದಲ್ಲಿ ಕಂಡಿತು, ಕೇರಳದ ವಯನಾಡಿನಲ್ಲಿ, ಗೋವಾದಲ್ಲಿ, ಮಹಾರಾಷ್ಟ್ರದಲ್ಲಿ ಕಂಡಿತು. ಅದು ವೈರಸ್, ಇದು ಬ್ಯಾಕ್ಟೀರಿಯಾ. ಆದರೆ ಜಿಲ್ಲೆಯ ಗಡಿ ಎರಡಕ್ಕೂ ಗೊತ್ತಿಲ್ಲ.

ಹೊರದೇಶಗಳಲ್ಲಿ ಏನಾಯಿತು ಅಂತ ನೋಡಿ. ಮೆಲಿಯಾಯ್ಡೋಸಿಸ್ ಅಂದರೆ ಥಾಯ್ಲೆಂಡಿನ ಈಶಾನ್ಯ ಭಾಗ ಮತ್ತು ಆಸ್ಟ್ರೇಲಿಯಾದ ಉತ್ತರ ಭಾಗದ ಕಾಯಿಲೆ ಅಂತ ವೈದ್ಯರೇ ಬಹಳ ಕಾಲ ಹೇಳುತ್ತಿದ್ದರು. 2021ರಲ್ಲಿ ಅಮೆರಿಕದ ಜಾರ್ಜಿಯಾ, ಕಾನ್ಸಾಸ್, ಮಿನ್ನೆಸೋಟ, ಟೆಕ್ಸಾಸ್ ರಾಜ್ಯಗಳಲ್ಲಿ ನಾಲ್ಕು ಜನಕ್ಕೆ ಈ ಕಾಯಿಲೆ ಬಂತು. ಯಾರೂ ಹೊರದೇಶಕ್ಕೆ ಹೋಗಿದ್ದವರಲ್ಲ. ಇಬ್ಬರು ತೀರಿಕೊಂಡರು, ಅದರಲ್ಲಿ ಒಂದು ಮಗು. ಹುಡುಕುತ್ತಾ ಹೋದಾಗ ಒಬ್ಬ ರೋಗಿಯ ಮನೆಯಲ್ಲಿದ್ದ ಲ್ಯಾವೆಂಡರ್ ಪರಿಮಳದ ರೂಮ್ ಸ್ಪ್ರೇ ಬಾಟಲಿಯಲ್ಲಿ ಆ ಬ್ಯಾಕ್ಟೀರಿಯಾ ಸಿಕ್ಕಿತು. ಆ ಸ್ಪ್ರೇ ತಯಾರಾಗಿದ್ದು ನಮ್ಮ ಭಾರತದಲ್ಲಿ. ಸುಮಾರು 3,900 ಬಾಟಲಿಗಳನ್ನು ವಾಪಸ್ ಕರೆಸಿಕೊಂಡರು. ಅಮೆರಿಕದ ನಾಲ್ಕು ಜನರ ದೇಹದಲ್ಲಿದ್ದ ಕೀಟಾಣುವನ್ನು ಅಲ್ಲಿನ ಲ್ಯಾಬುಗಳು ಗುರುತಿಸಿ, ಒಂದಕ್ಕೊಂದು ಹೋಲಿಸಿ, ಇವೆಲ್ಲ ಒಂದೇ ಮೂಲದ್ದು ಅಂತ ಕಂಡುಹಿಡಿದವು. ಮರುವರ್ಷ, 2022ರ ಜುಲೈನಲ್ಲಿ, ಮಿಸಿಸಿಪ್ಪಿ ರಾಜ್ಯದ ಕರಾವಳಿಯ ಮಣ್ಣು ನೀರಿನಲ್ಲೇ ಈ ಬ್ಯಾಕ್ಟೀರಿಯಾ ಇದೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪ್ರಕಟಿಸಿತು. ಎರಡು ವರ್ಷದ ಅಂತರದಲ್ಲಿ ಒಂದೇ ಪ್ರದೇಶದ ಇಬ್ಬರಿಗೆ ಬಂದದ್ದನ್ನು ಗಮನಿಸಿ ಅವರು ಮಣ್ಣು ಅಗೆದು ನೋಡಿದ್ದರು. ಇಬ್ಬರೇ ರೋಗಿಗಳು, ಮಾನ್ಯರೇ. ಇಬ್ಬರಿಗಾಗಿ ಅಷ್ಟು ಹುಡುಕಿದರು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಉತ್ತರದಲ್ಲಿ 2025ರ ಮಳೆ, ನೆರೆಯ ಬೆನ್ನಿಗೇ 200ಕ್ಕೂ ಜಾಸ್ತಿ ಜನಕ್ಕೆ ಈ ಕಾಯಿಲೆ ಬಂತು. ಮಳೆಯ ರೀತಿ ಬದಲಾದ ಹಾಗೆ ಇದೂ ಬದಲಾಗುತ್ತಿದೆ. ನಮ್ಮಲ್ಲೂ ಒಂದು ತಿಂಗಳ ಮಳೆ ನಾಲ್ಕು ದಿನದಲ್ಲಿ ಬೀಳುವುದನ್ನು ನೋಡುತ್ತಿದ್ದೇವೆ. ಕಾಯಿಲೆ ಹೊಸದಾಗಿ ಹರಡಿತಾ, ಮೊದಲಿನಿಂದ ಇದ್ದದ್ದು ಈಗ ಕಾಣುತ್ತಿದೆಯಾ ಅನ್ನುವುದು ತಿಳಿದವರ ಚರ್ಚೆ. ಜ್ವರದಲ್ಲಿ ಮಲಗಿದವನಿಗೆ ಎರಡೂ ಒಂದೇ.

'ಅಪರೂಪದ ಕಾಯಿಲೆ' ಅನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನಕ್ಕೆ ಇದು ಬರುತ್ತದೆ, ಸುಮಾರು 89,000 ಜನ ಸಾಯುತ್ತಾರೆ ಅಂತ ಅಂದಾಜು ಮಾಡಿದೆ. ಇದರಲ್ಲಿ ನೂರಕ್ಕೆ 44 ಪಾಲು ದಕ್ಷಿಣ ಏಷ್ಯಾದ್ದು, ಅಂದರೆ ನಮ್ಮದು. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಸುಮಾರು 12 ಪಟ್ಟು ಅನ್ನುತ್ತಾರೆ. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವೇ 2023ರಲ್ಲಿ ಹೇಳಿತು. ಶುಗರ್ ಇದ್ದೂ ಮಣ್ಣಿನಲ್ಲಿ ದುಡಿಯುವವರು ನಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ.

ಇನ್ನೊಂದು ಸಂಗತಿ ಓದಿ ನನಗೆ ಬಹಳ ನೋವಾಯಿತು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1911ರಲ್ಲಿ, ಬರ್ಮಾದ ರಂಗೂನಿನಲ್ಲಿ. ಗುರುತಿಸಿದವರು ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ. ನಮ್ಮ ಕಡೆಯ ಹೆಸರು. ನಮ್ಮವರೊಬ್ಬರು ನೂರು ವರ್ಷಕ್ಕೂ ಹಿಂದೆ ಕಂಡದ್ದನ್ನು ನಮ್ಮ ಜಿಲ್ಲಾ ಮಟ್ಟದ ಲ್ಯಾಬಿನಲ್ಲಿ ಇವತ್ತು 'ಹೊರಗಿನಿಂದ ಸೇರಿಕೊಂಡದ್ದು' ಅಂತ ಪಕ್ಕಕ್ಕೆ ಇಡುತ್ತಾರೆ.

ಹುಡುಕಿದರೆ ಎಷ್ಟು ಜೀವ ಉಳಿಯುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ 1989ರಿಂದ ಪ್ರತಿ ರೋಗಿಯನ್ನೂ ದಾಖಲಿಸುತ್ತಾ ಬಂದಿದ್ದಾರೆ. ಮೊದಲ ಐದು ವರ್ಷ ನೂರಕ್ಕೆ 31 ಜನ ಸಾಯುತ್ತಿದ್ದರು. ಮೂವತ್ತು ವರ್ಷದ ಲೆಕ್ಕದ ಕೊನೆಯ ಐದು ವರ್ಷದಲ್ಲಿ ಅದು 6ಕ್ಕೆ ಇಳಿಯಿತು. ಲಸಿಕೆ ಬಂದಿಲ್ಲ. ಅಪ್ಪಯ್ಯನಿಗೆ ಕೊಟ್ಟ ಥರದ್ದೇ ಔಷಧ. ಬೇಗ ಗುರುತಿಸುತ್ತಾರೆ, ಸರಿಯಾದ ಔಷಧ ಬೇಗ ಕೊಡುತ್ತಾರೆ, ಐಸಿಯು ಚೆನ್ನಾಗಿದೆ.

ಅದಕ್ಕೇ ನಿಮ್ಮಲ್ಲಿ ನನ್ನ ಕೋರಿಕೆ. ಮೊದಲನೆಯದು ಲ್ಯಾಬಿಗೆ ಸಂಬಂಧಿಸಿದ್ದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ರಾಜ್ಯದ ಪ್ರತಿ ಜಿಲ್ಲಾ ಆಸ್ಪತ್ರೆ ಮತ್ತು ಮೆಡಿಕಲ್ ಕಾಲೇಜಿನ ಲ್ಯಾಬಿಗೆ ಒಂದು ಸುತ್ತೋಲೆ ಕಳಿಸಿ. ರಕ್ತದಲ್ಲಿ ಅಥವಾ ಕೀವಿನಲ್ಲಿ ಸ್ಯೂಡೋಮೊನಾಸ್ ಥರದ ಕೀಟಾಣು ಸಿಕ್ಕಿ, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್‌ಗೆ ಆರ್, ಆಗ್ಮೆಂಟಿನ್‌ಗೆ ಎಸ್ ಬಂದರೆ ಅದನ್ನು ಪಕ್ಕಕ್ಕೆ ಇಡಬಾರದು. ಮೆಲಿಯಾಯ್ಡೋಸಿಸ್ ಇರಬಹುದು ಅಂತ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು, ಖಚಿತ ಮಾಡಿಕೊಳ್ಳಲು ಪರಿಣತ ಲ್ಯಾಬಿಗೆ ಕಳಿಸಬೇಕು. ಇದಕ್ಕೆ ಹೊಸ ಯಂತ್ರ ಬೇಡ. ಗೋಡೆಗೆ ಅಂಟಿಸುವ ಒಂದು ಹಾಳೆ ಸಾಕು. ಲ್ಯಾಬ್ ಸಿಬ್ಬಂದಿಯ ಸುರಕ್ಷತೆಗೂ ಇದು ಬೇಕು. ಏನು ಅಂತ ಗೊತ್ತಿಲ್ಲದೆ ಕೀಟಾಣು ಬೆಳೆಸಿದ ಆ ಕಲ್ಚರ್ ತಟ್ಟೆಯ ಮುಚ್ಚಳ ತೆಗೆಯುವವರೂ ಯಾರದೋ ಮನೆಯ ಮಕ್ಕಳು.

ಜ್ವರದ ರೋಗಿಯ ಚೀಟಿಯಲ್ಲಿ ಎರಡು ಪ್ರಶ್ನೆ ಅಚ್ಚು ಹಾಕಿಸಿ. ಶುಗರ್ ಇದೆಯಾ? ಮಣ್ಣು, ಕೆಸರಿನ ಕೆಲಸ ಮಾಡಿದ್ದೀರಾ, ಎಲ್ಲಿ? ಕಫದಲ್ಲಿ ಕೀಟಾಣು ಸಿಗದೆ, ಬರೀ ಅನುಮಾನದ ಮೇಲೆ ಟಿಬಿ ಮಾತ್ರೆ ಶುರುವಾದವರಲ್ಲಿ ಜ್ವರ ಇಳಿಯದಿದ್ದರೆ ಕಲ್ಚರ್ ಕಡ್ಡಾಯ ಮಾಡಿ. ಟಿಬಿ ರೋಗಿಗಳನ್ನು ದಾಖಲಿಸುವ ನಿಕ್ಷಯ್‌ನಂಥ ಆನ್‌ಲೈನ್ ವ್ಯವಸ್ಥೆ ಈಗಾಗಲೇ ಇದೆ. ಯಾರಿಗೆ ಔಷಧ ಹಿಡಿಯುತ್ತಿಲ್ಲ ಅಂತ ಅಲ್ಲಿಂದಲೇ ಗೊತ್ತಾಗುತ್ತದೆ.

ಸಿಕ್ಕ ಪ್ರತಿ ಪ್ರಕರಣವೂ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಬರಲೇಬೇಕು, ಸರ್ಕಾರಿಯಾಗಲಿ ಖಾಸಗಿಯಾಗಲಿ. ಯಾವ ತಾಲೂಕಿನಲ್ಲಿ ಎಷ್ಟು ಅಂತ ಜನರಿಗೂ ಹೇಳಿ. ಸೆಫ್ಟಾಜಿಡಿಮ್, ಮೆರೊಪೆನೆಮ್ ಇಂಜೆಕ್ಷನ್ ಜಿಲ್ಲಾ ಆಸ್ಪತ್ರೆಗಳಲ್ಲಿ ಪೂರ್ತಿ ಕೋರ್ಸ್‌ಗೆ ಆಗುವಷ್ಟು ಉಚಿತವಾಗಿ ಸಿಗಲಿ. ಎರಡು ವಾರಕ್ಕೆ ಕಮ್ಮಿ ನಿಲ್ಲಿಸುವ ಹಾಗಿಲ್ಲ, ಮಧ್ಯದಲ್ಲಿ ಬಿಟ್ಟರೆ ಮತ್ತೆ ಮರುಕಳಿಸುತ್ತದೆ.

ಕೊನೆಯದಾಗಿ, ಈ ಕಾಯಿಲೆಗೆ ಒಂದು ಕನ್ನಡ ಹೆಸರು ಕೊಡಿ. ಇಲಿ ಜ್ವರ ಅಂದರೆ ಜನಕ್ಕೆ ಗೊತ್ತು. ಮಂಗನ ಕಾಯಿಲೆ ಅಂದರೆ ಮಲೆನಾಡಿನ ಮಕ್ಕಳಿಗೂ ಗೊತ್ತು. ಮೆಲಿಯಾಯ್ಡೋಸಿಸ್ ಅನ್ನಲು ನಮ್ಮಮ್ಮನಿಗೆ ನಾಲಿಗೆ ಹೊರಳುವುದಿಲ್ಲ. ಅವರು 'ಗದ್ದೆ ಜ್ವರ' ಅನ್ನುತ್ತಾರೆ. ಅದೋ, ಇನ್ನೊಂದೋ, ಜನರ ಬಾಯಲ್ಲಿ ನಿಲ್ಲುವ ಹೆಸರು ಇರಲಿ. ಆಶಾ ಕಾರ್ಯಕರ್ತೆಯರು, ರೈತ ಸಂಪರ್ಕ ಕೇಂದ್ರದವರು ನಟ್ಟಿಗೆ ಮೊದಲು ಆ ಹೆಸರು ಹೇಳಿ ಎಚ್ಚರಿಸಲಿ. ಶುಗರ್ ಇರುವವರು ಬೂಟು ಹಾಕದೆ ಕೆಸರಿಗೆ ಇಳಿಯಬೇಡಿ, ಗಾಯವಿದ್ದರೆ ಮುಚ್ಚಿಕೊಳ್ಳಿ, ಕುದಿಸಿದ ನೀರು ಕುಡಿಯಿರಿ ಅಂತ. ಬೂಟು ಹಾಕಿ ನಟ್ಟಿ ಮಾಡುವುದು ಕಷ್ಟ, ಕೆಸರು ಹಿಡಿದು ಎಳೆಯುತ್ತದೆ ಅಂತ ನನಗೂ ಗೊತ್ತು. ಕೃಷಿ ಯಂತ್ರಕ್ಕೆ ಸಹಾಯಧನ ಕೊಡುವ ಸರ್ಕಾರ ಗದ್ದೆಗೆ ಹೊಂದುವ ಹಗುರ ಬೂಟಿಗೂ ಕೊಡಬಹುದು.

ಈಗ ಏಪ್ರಿಲ್. ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಸುತ್ತೋಲೆ ಹೊರಡಲು ಎರಡು ತಿಂಗಳು ಸಾಕು ಅಂತ ನಂಬಿದ್ದೇನೆ. ಅಪ್ಪಯ್ಯ ಈ ವರ್ಷವೂ ಗದ್ದೆ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾರೆ. ಬಿತ್ತನೆ ಬೀಜ ತಂದಿಟ್ಟಿದ್ದಾರೆ.

ಆ ಮೂರು ಅಕ್ಷರಕ್ಕೆ ಪೆನ್ನಿನ ಗುರುತು ಹಾಕಿದ ರಿಪೋರ್ಟ್ ನನ್ನ ಹತ್ತಿರ ಇದೆ. ನಿಮ್ಮ ಇಲಾಖೆಯ ಯಾರು ಕೇಳಿದರೂ ಫೈಲು ತಂದು ತೋರಿಸುತ್ತೇನೆ.

ವಂದನೆಗಳೊಂದಿಗೆ,
ಕುಂದಾಪುರ ತಾಲೂಕಿನ ಒಬ್ಬ ರೈತರ ಮಗಳು